ನೆಲನೆಲ್ಲಿಯನ್ನೂ ಪರೀಕ್ಷೆಗೆ ಹಚ್ಚಿದ ನೊಬೆಲ್ ವಿಜ್ಞಾನಿ: ಬ್ಲಂಬರ್ಗ್, ಹೆಪಟೈಟಿಸ್ ಬಿ ಮತ್ತು ಬಿಡಬಾರದ ಗುಳಿಗೆ

ಮಳೆಗಾಲದಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೊಲದ ಬದುಗಳಲ್ಲಿ ನೆಲನೆಲ್ಲಿ ತಾನಾಗಿಯೇ ಎದ್ದಿರುತ್ತದೆ. ಗೇಣುದ್ದದ ಗಿಡ, ಎಲೆಗಳ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಕಾಯಿ. ಕಾಮಣಿ ಆದವರಿಗೆ ಇದನ್ನು ಅರೆದು ಮಜ್ಜಿಗೆಯಲ್ಲೋ ಹಾಲಿನಲ್ಲೋ ಕುಡಿಸುವುದು ಹಳೆಯ ರೂಢಿ. ಈಗ ಈ ಗಿಡದ ಫೋಟೊ ಮೊಬೈಲಿಗೂ ಬರುತ್ತದೆ, ಜೊತೆಗೆ ಒಂದು ಹೊಸ ಮಾತನ್ನೂ ತರುತ್ತದೆ. ನೆಲನೆಲ್ಲಿ ಹೆಪಟೈಟಿಸ್ ಬಿ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುತ್ತದಂತೆ, ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೇ ಇದನ್ನು ಸಾಬೀತು ಮಾಡಿದ್ದಾರಂತೆ, ಆದ್ದರಿಂದ ಜೀವನಪೂರ್ತಿ ನುಂಗುವ ಇಂಗ್ಲಿಷ್ ಗುಳಿಗೆ ಬೇಡವಂತೆ.

ಈ ಸಂದೇಶದಲ್ಲಿ ಅರ್ಧ ನಿಜವಿದೆ. ಅಂಥ ವಿಜ್ಞಾನಿ ಇದ್ದರು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದವರೇ ಅವರು. 1986ರ ಜನವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿಯೂ ಇದ್ದರು. ನೆಲನೆಲ್ಲಿಯ ಬಗ್ಗೆ ನಿಜಕ್ಕೂ ಸಂಶೋಧನೆ ಮಾಡಿದರು. ಸಂದೇಶದ ಉಳಿದರ್ಧ ಸುಳ್ಳು, ಮತ್ತು ಅದನ್ನು ನಂಬಿ ಗುಳಿಗೆ ಬಿಟ್ಟವರ ಲಿವರ್ ಕೆಟ್ಟು ಪ್ರಾಣಕ್ಕೆ ಬರಬಹುದು. ಯಾವುದು ನಿಜ, ಯಾವುದು ಸುಳ್ಳು ಎಂದು ಬಿಡಿಸಿಡಲು ಆ ವಿಜ್ಞಾನಿಯ ಬದುಕನ್ನೇ ಹೇಳುವುದು ಒಳ್ಳೆಯದು ಎಂದು ನಮಗೆ ಅನ್ನಿಸಿತು.

ಹಡಗಿನಿಂದ ಆಸ್ಪತ್ರೆಗೆ

ಬರೂಕ್ ಬ್ಲಂಬರ್ಗ್ ಹುಟ್ಟಿದ್ದು 1925ರ ಜುಲೈ 28ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಕೀಲರು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ನೌಕಾಪಡೆ ಸೇರಿದರು, ಸೈನ್ಯವನ್ನು ದಡಕ್ಕಿಳಿಸುವ ಹಡಗುಗಳಲ್ಲಿ ಕೆಲಸ ಮಾಡಿದರು. 1946ರಲ್ಲಿ ಯೂನಿಯನ್ ಕಾಲೇಜಿನಿಂದ ಭೌತಶಾಸ್ತ್ರದ ಪದವಿ ಪಡೆದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಗಣಿತ ಓದಿದರು. ಡಾಕ್ಟರಾಗಬಾರದೇಕೆ ಎಂದು ಕೇಳಿದವರು ತಂದೆ. ಮಗ ಹಾದಿ ಬದಲಿಸಿ 1951ಕ್ಕೆ ಡಾಕ್ಟರಾದರು.

ಡಾಕ್ಟರಿಕೆಯ ಓದು ಮುಗಿಯುವ ಮೊದಲೇ ಅವರು ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಮೊಯೆಂಗೊ ಎಂಬ ಗಣಿ ಊರಿನಲ್ಲಿ ಕೆಲವು ತಿಂಗಳು ಇದ್ದರು. ಕಬ್ಬಿನ ತೋಟಗಳ ದುಡಿಮೆಗೆಂದು ಬೇರೆ ಬೇರೆ ಖಂಡಗಳಿಂದ ತಂದ ಜನರ ಮಕ್ಕಳು ಮೊಮ್ಮಕ್ಕಳು ಆ ನಾಡಿನಲ್ಲಿ ಬೆರೆತು ಬಾಳುತ್ತಿದ್ದರು. ಆಫ್ರಿಕಾ, ಜಾವಾ, ಚೀನಾ ಮೂಲದವರು, ನಮ್ಮ ದೇಶದಿಂದ ಹೋದವರು, ಅಲ್ಲಿನ ಮೂಲನಿವಾಸಿಗಳು. ನೀರು ಒಂದೇ, ಸೊಳ್ಳೆ ಒಂದೇ. ಆದರೂ ಆನೆಕಾಲು ರೋಗ ಒಂದು ಗುಂಪಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹೀಗೇಕೆ?

ಬ್ಲಂಬರ್ಗ್ ಆಮೇಲೆ ಮಾಡಿದ್ದೆಲ್ಲ ಈ ಒಂದು ಪ್ರಶ್ನೆಯಿಂದ ಬಂದದ್ದು ಎಂದರೆ ತಪ್ಪಾಗದು. ಆಕ್ಸ್‌ಫರ್ಡಿನಲ್ಲಿ ಜೀವರಸಾಯನಶಾಸ್ತ್ರ ಓದಿ 1957ರಲ್ಲಿ ಪಿಎಚ್‌ಡಿ ಮುಗಿಸಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿ, ಲೋಕದ ಮೂಲೆ ಮೂಲೆಯ ಜನರ ರಕ್ತದ ಮಾದರಿಗಳನ್ನು ಕೂಡಿಹಾಕತೊಡಗಿದರು. ಮನುಷ್ಯರ ರಕ್ತದ ಪ್ರೋಟೀನುಗಳಲ್ಲಿ ಹುಟ್ಟಿನಿಂದಲೇ ಬರುವ ಸಣ್ಣ ವ್ಯತ್ಯಾಸಗಳಿವೆ, ಯಾರಿಗೆ ಯಾವ ರೋಗ ತಗಲುತ್ತದೆ ಎಂಬುದರ ಗುಟ್ಟು ಅಲ್ಲಿರಬಹುದು ಎಂಬುದು ಅವರ ಲೆಕ್ಕ. ವೈರಸ್ ಹುಡುಕುವ ಯೋಚನೆ ಅವರಿಗೆ ಇರಲೇ ಇಲ್ಲ.

ಒಂದು ಬಿಳಿ ಗೆರೆ

ಹುಡುಕುವ ವಿಧಾನ ಸರಳವಾಗಿತ್ತು. ಅನೇಕ ಸಲ ರಕ್ತ ಹಾಕಿಸಿಕೊಂಡ ರೋಗಿಯ ಮೈ, ಬೇರೆಯವರ ರಕ್ತದ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಮಾಡಿಕೊಂಡಿರುತ್ತದೆ. ಅಗರ್ ಎಂಬ ಲೋಳೆಯ ಪದರದಲ್ಲಿ ಪುಟ್ಟ ಕುಳಿಗಳನ್ನು ಕೊರೆದು, ಒಂದರಲ್ಲಿ ಆ ರೋಗಿಯ ರಕ್ತದ ತಿಳಿ, ಸುತ್ತಲಿನವುಗಳಲ್ಲಿ ಬೇರೆ ಬೇರೆ ಜನರ ತಿಳಿ ಹಾಕಿಡುತ್ತಿದ್ದರು. ಎರಡೂ ಹರಿದು ಬಂದು ಸೇರುವ ಕಡೆ ಒಂದಕ್ಕೊಂದು ಹೊಂದುವ ವಸ್ತು ಇದ್ದರೆ ಬಿಳಿ ಗೆರೆ ಮೂಡುತ್ತದೆ.

1963ರಲ್ಲಿ ಹಾಗೊಂದು ಗೆರೆ ಮೂಡಿತು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ನ್ಯೂಯಾರ್ಕಿನ ರೋಗಿಯೊಬ್ಬರ ತಿಳಿ, ಭೂಮಿಯ ಆಚೆ ಬದಿಯ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ತಿಳಿಗೆ ಹೊಂದಿಕೊಂಡಿತ್ತು. ಬ್ಲಂಬರ್ಗ್ ಜೊತೆ ಆಗ ಕೆಲಸ ಮಾಡುತ್ತಿದ್ದವರು ಹಾರ್ವೆ ಆಲ್ಟರ್. ಮುಂದೆ ಹೆಪಟೈಟಿಸ್ ಸಿ ಕುರಿತ ಕೆಲಸಕ್ಕೆ 2020ರಲ್ಲಿ ನೊಬೆಲ್ ಪಡೆದದ್ದು ಇದೇ ಆಲ್ಟರ್. ಆ ಹೊಸ ವಸ್ತುವಿಗೆ ಅವರಿಬ್ಬರು ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ಏನೆಂದು ಮಾತ್ರ ಗೊತ್ತಿರಲಿಲ್ಲ. ಹುಟ್ಟಿನಿಂದ ಬರುವ ಗುಣವಿರಬೇಕು ಎಂದುಕೊಂಡಿದ್ದರು. ಲ್ಯುಕೇಮಿಯಾ ರೋಗಿಗಳಲ್ಲಿ ಅದು ಹೆಚ್ಚಾಗಿ ಕಂಡಿದ್ದರಿಂದ ರಕ್ತದ ಕ್ಯಾನ್ಸರಿಗೂ ಇದಕ್ಕೂ ನಂಟಿರಬಹುದೆಂಬ ಅನುಮಾನವೂ ಇತ್ತು.

1964ರಲ್ಲಿ ಅವರು ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಬಂದಿದ್ದರು. 1966ರಲ್ಲಿ ಅಲ್ಲಿ ಒಂದು ಸೋಜಿಗ ನಡೆಯಿತು. ಡೌನ್ ಸಿಂಡ್ರೋಮ್ ಇದ್ದ ಒಬ್ಬರ ರಕ್ತದಲ್ಲಿ ಮೊದಲ ಸಲ ಗೆರೆ ಇರಲಿಲ್ಲ, ಮತ್ತೆ ನೋಡಿದಾಗ ಇತ್ತು. ಹುಟ್ಟುಗುಣವಾದರೆ ನಡುವೆ ಬಂದು ಸೇರಲು ಹೇಗೆ ಸಾಧ್ಯ? ಅವರ ಲಿವರ್ ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಇರುವುದು ಕಂಡಿತು. ಮರುವರ್ಷ ಪ್ರಯೋಗಶಾಲೆಯ ತಂತ್ರಜ್ಞೆಯೊಬ್ಬರಿಗೆ ಸುಸ್ತು ಕಾಣಿಸಿಕೊಂಡಿತು. ಅವರು ತಮ್ಮದೇ ರಕ್ತವನ್ನು ಕುಳಿಗೆ ಹಾಕಿ ನೋಡಿಕೊಂಡರು. ಮಸುಕಾದ ಗೆರೆ! ಆಮೇಲೆ ಅವರಿಗೆ ಕಾಮಣಿಯಾಯಿತು, ಗುಣವೂ ಆಯಿತು. ಈ ಪರೀಕ್ಷೆಯಿಂದ ಹೆಪಟೈಟಿಸ್ ಪತ್ತೆಯಾದ ಮೊದಲ ಪ್ರಕರಣ ಅದು.

ಹೆಪಟೈಟಿಸ್ ವೈರಸ್ ಸಿಕ್ಕಿತು ಎಂದು ಅದಕ್ಕೂ ಮೊದಲು ಹಲವರು ಹೇಳಿ ಸುಳ್ಳಾಗಿತ್ತು. ಹಾಗಾಗಿ ಬ್ಲಂಬರ್ಗ್ ತಂಡದ ಮಾತನ್ನು ಬಹಳ ಜನ ಕೂಡಲೇ ನಂಬಲಿಲ್ಲ. ಬೇರೆ ಬೇರೆ ಪ್ರಯೋಗಶಾಲೆಗಳು ತಾವೇ ಪರೀಕ್ಷಿಸಿ ಅದೇ ಫಲ ಕಂಡ ಮೇಲೆ ನಂಬಿದರು. 1970ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡೀ ವೈರಸ್ ಕಣವನ್ನೇ ಕಂಡರು. ನಂಬಿಕೆ ಬಂದದ್ದು ಹೆಸರಿನಿಂದಲ್ಲ, ಮರುಪರೀಕ್ಷೆಯಿಂದ. ಈ ಮಾತನ್ನು ನೆನಪಿನಲ್ಲಿಡಿ, ನೆಲನೆಲ್ಲಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇವತ್ತು ನಿಮ್ಮ ಮನೆಯ ಯಾರದಾದರೂ ರಕ್ತದ ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಅಥವಾ ರಿಯಾಕ್ಟಿವ್ ಎಂದು ಬರೆದಿದ್ದರೆ, ಅದು ಅದೇ ಆಸ್ಟ್ರೇಲಿಯಾ ಆಂಟಿಜೆನ್. ವೈರಸ್ಸಿನ ಹೊರಕವಚದ ಪ್ರೋಟೀನ್ ಅದು. ರಕ್ತನಿಧಿಗಳಲ್ಲಿ ಪ್ರತಿ ಬಾಟಲಿಯನ್ನೂ ಇದಕ್ಕಾಗಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಎಲ್ಲೆಡೆ ರೂಢಿಗೆ ಬರುವ ಮೊದಲು ಏನಾಗುತ್ತಿತ್ತು ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ಇದೆ. 1982ರ ಜುಲೈನಲ್ಲಿ ಕೂಲಿ ಚಿತ್ರದ ಚಿತ್ರೀಕರಣದ ವೇಳೆ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಆಗ ಅವರಿಗೆ ಸುಮಾರು 200 ದಾನಿಗಳ ರಕ್ತ ಹಾಕಲಾಯಿತು. ಅದರಲ್ಲಿ ಒಬ್ಬರ ರಕ್ತದಿಂದ ಹೆಪಟೈಟಿಸ್ ಬಿ ಬಂತು, ಲಿವರಿನ ಮುಕ್ಕಾಲು ಭಾಗ ಹಾಳಾದ ಮೇಲಷ್ಟೇ ಅದು ಗೊತ್ತಾಯಿತು ಎಂದು ಅವರೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ.

ಲಸಿಕೆ ಬಂತು, ಆದರೆ ಆಗಲೇ ಸೋಂಕು ತಗಲಿದವರು?

1969ರಲ್ಲೇ ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಮಿಲ್‌ಮನ್ ಒಂದು ವಿಚಿತ್ರವಾದ ಲಸಿಕೆಯ ದಾರಿ ಯೋಚಿಸಿದರು. ಸೋಂಕಿತರ ರಕ್ತದಲ್ಲಿ ಈ ವೈರಸ್ಸಿನ ಖಾಲಿ ಕವಚಗಳು ಲೆಕ್ಕವಿಲ್ಲದಷ್ಟು ತೇಲುತ್ತಿರುತ್ತವೆ. ಒಳಗೆ ತಿರುಳಿಲ್ಲದ್ದರಿಂದ ಅವು ರೋಗ ತರಲಾರವು. ಅವನ್ನೇ ಸೋಸಿ ಶುದ್ಧ ಮಾಡಿ ಲಸಿಕೆಯಾಗಿ ಕೊಟ್ಟರೆ? ಆ ದಾರಿಯ ಲಸಿಕೆ ಅಮೆರಿಕದಲ್ಲಿ 1981ರಲ್ಲಿ ಬಳಕೆಗೆ ಬಂತು. 1986ರಲ್ಲಿ ರಕ್ತದ ಹಂಗಿಲ್ಲದೆ ಯೀಸ್ಟಿನಲ್ಲಿ ತಯಾರಿಸಿದ ಲಸಿಕೆ ಬಂತು. ನಮ್ಮ ದೇಶದಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಇದನ್ನು ತಯಾರಿಸಿದ ಮೇಲೆ ಬೆಲೆ ಕೈಗೆಟುಕುವಂತಾಯಿತು. ಬ್ಲಂಬರ್ಗ್ ಅವರಿಗೆ ನೊಬೆಲ್ ಬಂದದ್ದು 1976ರಲ್ಲಿ, ವೈರಸ್ ಪತ್ತೆಗಾಗಿ.

ಲಸಿಕೆ ಸೋಂಕು ಬಾರದಂತೆ ತಡೆಯುತ್ತದೆ. ಆಗಲೇ ಒಳಹೊಕ್ಕ ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಹೆಪಟೈಟಿಸ್ ಬಿ ಒಳಹೊಕ್ಕರೆ ಏನಾಗುತ್ತದೆ ಎಂಬುದು ವಯಸ್ಸಿನ ಮೇಲೆ ನಿಂತಿದೆ. ದೊಡ್ಡವರಾದ ಮೇಲೆ ತಗಲಿದರೆ 100ರಲ್ಲಿ 95ಕ್ಕೂ ಹೆಚ್ಚು ಜನರ ಮೈಯೇ ಅದನ್ನು ಆರು ತಿಂಗಳೊಳಗೆ ಹತೋಟಿಗೆ ತರುತ್ತದೆ. ಹುಟ್ಟುವಾಗ ತಾಯಿಯಿಂದ ತಗಲಿದ ಕೂಸುಗಳಲ್ಲಿ 100ಕ್ಕೆ 90ರಷ್ಟು ಮಕ್ಕಳಲ್ಲಿ ಅದು ಜೀವನವಿಡೀ ಉಳಿದುಬಿಡುತ್ತದೆ. ಹತ್ತು, ಇಪ್ಪತ್ತು, ಮೂವತ್ತು ವರ್ಷ ಏನೂ ತೋರುವುದಿಲ್ಲ. ಕಾಮಣಿಯೂ ಆಗುವುದಿಲ್ಲ. ಕೆಲವರಲ್ಲಿ ಸದ್ದಿಲ್ಲದೆ ಲಿವರ್ ಗಡಸಾಗುತ್ತ ಹೋಗುತ್ತದೆ, ಅದನ್ನೇ ಸಿರೋಸಿಸ್ ಎನ್ನುವುದು. ಕೆಲವರಿಗೆ ಲಿವರ್ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದಲ್ಲಿ 25.4 ಕೋಟಿ ಜನರಿಗೆ ಇಂಥ ದೀರ್ಘಕಾಲದ ಸೋಂಕು ಇತ್ತು, ಆ ವರ್ಷ ಅದರಿಂದ ಸತ್ತವರು ಸುಮಾರು 11 ಲಕ್ಷ. ಭಾರತದ ಪಾಲು ಸುಮಾರು 2.98 ಕೋಟಿ.

1980ರ ದಶಕದಲ್ಲಿ ಬ್ಲಂಬರ್ಗ್ ಅವರನ್ನು ಕಾಡಿದ್ದು ಈ ಜನರ ಚಿಂತೆ. ಕೊಡಲು ಔಷಧವಿರಲಿಲ್ಲ. ಆಗ ಅವರು ತಿರುಗಿದ್ದು ನಮ್ಮ ಕಡೆಯ ಗಿಡಮೂಲಿಕೆಗಳತ್ತ.

ನೆಲನೆಲ್ಲಿಯ ಕಥೆ

ಹಳ್ಳಿಯ ಮದ್ದನ್ನು ಕಂಡು ಮೂಗು ಮುರಿಯುವವರಲ್ಲ ಅವರು. ಕಾಮಣಿಗೆಂದು ತಲೆತಲಾಂತರದಿಂದ ಕೊಡುತ್ತ ಬಂದ ಗಿಡಗಳಲ್ಲಿ ಒಂದಾದರೂ ಈ ವೈರಸ್ಸನ್ನು ತಡೆಯಬಹುದಲ್ಲವೇ ಎಂದು ಯೋಚಿಸಿದರು. ಮದರಾಸು ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಆಗಲೇ ನೆಲನೆಲ್ಲಿಯ ಜಾಡು ಹಿಡಿದಿದ್ದರು. ಇಬ್ಬರ ತಂಡಗಳೂ ಕೂಡಿ ದುಡಿದವು. ಫಿಲಡೆಲ್ಫಿಯಾದಲ್ಲಿ ವುಡ್‌ಚಕ್ ಎಂಬ, ಅಳಿಲಿನ ಬಳಗಕ್ಕೆ ಸೇರಿದ ಬಿಲವಾಸಿ ಪ್ರಾಣಿಗೆ ಕೊಟ್ಟು ನೋಡಿದರು. ಅದಕ್ಕೂ ಹೆಪಟೈಟಿಸ್ ಬಿ ಯನ್ನೇ ಹೋಲುವ ವೈರಸ್ ತಗಲುತ್ತದೆ. 1987ರ ವರದಿ ಆಸೆ ಹುಟ್ಟಿಸುವಂತಿತ್ತು. ಗಾಜಿನ ನಳಿಕೆಯಲ್ಲಿ ನೆಲನೆಲ್ಲಿಯ ಸಾರ ವೈರಸ್ಸಿನ ನಕಲು ಮಾಡುವ ಕಿಣ್ವವನ್ನು ತಡೆಯುತ್ತಿತ್ತು, ಕೆಲವು ವುಡ್‌ಚಕ್‌ಗಳಲ್ಲೂ ಫಲ ಕಂಡಿತ್ತು.

ಮರುವರ್ಷ, 1988ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗ ಪ್ರಕಟವಾಯಿತು. ಮೊಬೈಲಿನ ಸಂದೇಶಗಳ ಬೇರು ಇರುವುದು ಇಲ್ಲಿ. ಒಣಗಿಸಿದ ನೆಲನೆಲ್ಲಿಯ ಪುಡಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, 30 ದಿನ ಕೊಟ್ಟಿದ್ದರು. ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಗುಳಿಗೆ. ನೆಲನೆಲ್ಲಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ಆಸ್ಟ್ರೇಲಿಯಾ ಆಂಟಿಜೆನ್ ಮಾಯವಾಗಿತ್ತು. ಹುಸಿ ಗುಳಿಗೆಯ 23 ಜನರಲ್ಲಿ ಒಬ್ಬರದು ಮಾತ್ರ. ಯಾರಿಗಾದರೂ ಕಣ್ಣರಳುವ ಸಂಖ್ಯೆಗಳೇ. ಬ್ಲಂಬರ್ಗ್ ಅವರ ಸಂಸ್ಥೆ ನೆಲನೆಲ್ಲಿಯ ಈ ಬಳಕೆಗೆ ಅಮೆರಿಕದಲ್ಲಿ ಪೇಟೆಂಟ್ ಕೂಡ ಪಡೆಯಿತು. ನಮ್ಮ ಬದುವಿನ ಗಿಡಕ್ಕೆ ಅಲ್ಲಿ ಪೇಟೆಂಟೇ ಎಂದು ಇಲ್ಲಿ ಅನೇಕರು ಸಿಟ್ಟಾದರು. ಆ ಸಿಟ್ಟಿಗೆ ಅರ್ಥವಿತ್ತು ಎಂದೇ ನಾವೂ ಹೇಳುತ್ತೇವೆ.

ಆದರೆ ಗುಂಪುಗಳು ಚಿಕ್ಕವು, ನೋಡಿದ ಅವಧಿಯೂ ಚಿಕ್ಕದು. ಬ್ಲಂಬರ್ಗ್ ಅವರ ಗೆರೆಯನ್ನು ಇತರರು ಪರೀಕ್ಷಿಸಿ ನೋಡಿದ ಹಾಗೆಯೇ ಇದನ್ನೂ ನೋಡಬೇಕಿತ್ತು, ನೋಡಿದರು. 1990ರಲ್ಲಿ ಥಾಯ್ಲೆಂಡಿನ ವೈದ್ಯರು ತಮ್ಮಲ್ಲಿನ ಸೋಂಕಿತರಿಗೆ ಕೊಟ್ಟರು, ಆಂಟಿಜೆನ್ ಹೋಗಲಿಲ್ಲ. 1994ರಲ್ಲಿ ನ್ಯೂಜಿಲೆಂಡಿನಲ್ಲೂ ಇದೇ ಕಥೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆಯೂ, ಹುಸಿ ಗುಳಿಗೆಗಿಂತ ನೆಲನೆಲ್ಲಿ ಮೇಲು ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದೇ ಹೇಳಿತು. ಗಾಜಿನ ನಳಿಕೆಯಲ್ಲಿ ಕಂಡದ್ದು ಮನುಷ್ಯನ ಮೈಯಲ್ಲಿ ಮರಳಿ ಕಾಣಲಿಲ್ಲ. ಜೊತೆಗೆ ಇನ್ನೊಂದು ತೊಡಕು: ನೆಲನೆಲ್ಲಿ ಎಂದು ನಾವು ಕರೆಯುವ ಗಿಡ ಒಂದೇ ಅಲ್ಲ. ನೋಡಲು ಒಂದೇ ತರಹದ ಹಲವು ಜಾತಿಗಳಿವೆ. ಸಂಶೋಧಕರೇ ಮೊದಲು ಒಂದು ಜಾತಿಯ ಹೆಸರು ಹೇಳಿ, ಆಮೇಲೆ ಅದನ್ನು ಇನ್ನೊಂದೆಂದು ಗುರುತಿಸಬೇಕಾಯಿತು.

ಮೊಬೈಲಿಗೆ ಬರುವ ಸಂದೇಶ 1988ರಲ್ಲೇ ನಿಂತುಬಿಟ್ಟಿದೆ. 1990ರಿಂದ ಆಚೆಗಿನದು ಅದರಲ್ಲಿ ಇಲ್ಲ.

ಹಾಗಾದರೆ ನಮ್ಮೂರ ಮದ್ದಿನಿಂದ ಕಾಮಣಿ ವಾಸಿಯಾಗುವುದು ಸುಳ್ಳೇ?

ವಾಸಿಯಾಗುವುದು ಸುಳ್ಳಲ್ಲ. ವಾಸಿ ಮಾಡಿದ್ದು ಯಾವುದು ಎಂಬುದರಲ್ಲಿ ಗೊಂದಲವಿದೆ. ಕಾಮಣಿ ಒಂದು ರೋಗದ ಹೆಸರಲ್ಲ, ಲಿವರ್ ಕೆಟ್ಟಾಗ ಕಣ್ಣು, ಚರ್ಮ ಹಳದಿಯಾಗುವ ಲಕ್ಷಣ. ನಮ್ಮ ಕಡೆ ಮಳೆಗಾಲದಲ್ಲಿ ಕೊಳಚೆ ಬೆರೆತ ನೀರಿನಿಂದ ಬರುವ ಕಾಮಣಿ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಅವು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ, ಮದ್ದು ಕುಡಿದರೂ ಇಳಿಯುತ್ತವೆ, ಕುಡಿಯದಿದ್ದರೂ. ಗರ್ಭಿಣಿಯರಿಗೆ ಮಾತ್ರ ಹೆಪಟೈಟಿಸ್ ಇ ಬಹಳ ಅಪಾಯಕಾರಿ, ಅವರು ಕಾಮಣಿ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ದೊಡ್ಡವರಿಗೆ ಹೊಸದಾಗಿ ಬಂದ ಹೆಪಟೈಟಿಸ್ ಬಿ ಕೂಡ ಹೆಚ್ಚಿನವರಲ್ಲಿ ಹೀಗೆಯೇ ಹೋಗುತ್ತದೆ. ಮೂರನೇ ವಾರ ಕಣ್ಣು ಬೆಳ್ಳಗಾದರೆ ಕೀರ್ತಿ ಮದ್ದು ಕೊಟ್ಟವರಿಗೆ. ಕೈಗೆ ಬರೆ ಹಾಕಿದವರಿಗೂ, ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಹಳದಿ ಇಳಿಸಿ ತೋರಿಸಿದವರಿಗೂ ಅದೇ ಕೀರ್ತಿ. ಆ ಹಳದಿ ತೊಗಟೆಯ ರಸಕ್ಕೂ ಸುಣ್ಣಕ್ಕೂ ಸೇರಿ ಬಂದ ಬಣ್ಣ, ಕಾಮಣಿ ಇಲ್ಲದವರ ಕೈ ತೊಳೆಸಿದರೂ ಬರುತ್ತದೆ.

ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅವರ ಕಣ್ಣು ಮೊದಲಿನಿಂದಲೂ ಬೆಳ್ಳಗೇ ಇರುತ್ತದೆ. ಮದ್ದು ಕುಡಿದ ಮೇಲೂ ಬೆಳ್ಳಗೇ ಇರುತ್ತದೆ. ಒಳಗಿನ ವೈರಸ್ಸಿಗೆ ಏನಾಯಿತು ಎಂಬುದು ರಕ್ತಪರೀಕ್ಷೆಗೆ ಮಾತ್ರ ಗೊತ್ತು.

ಗುಳಿಗೆ ಮಾಡುವ ಕೆಲಸ

ಗಿಡದಲ್ಲಿ ಸಿಗದ್ದು ಬೇರೆ ದಿಕ್ಕಿನಿಂದ ಬಂತು. ಮೊದಲು ಬಂದದ್ದು ಇಂಟರ್‌ಫೆರಾನ್ ಚುಚ್ಚುಮದ್ದು, ಜ್ವರ, ಮೈಕೈನೋವಿನ ಕಾಟದ್ದು. 1998ರಲ್ಲಿ ಲ್ಯಾಮಿವುಡಿನ್ ಎಂಬ, ಬಾಯಿಂದ ನುಂಗುವ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಚ್‌ಐವಿಗೆಂದು ಬಳಸುತ್ತಿದ್ದ ಗುಳಿಗೆ ಅದು. ಅದರ ಮೇಲೆ 651 ರೋಗಿಗಳ ದೊಡ್ಡ ಪ್ರಯೋಗ ನಡೆದು 2004ರಲ್ಲಿ ಪ್ರಕಟವಾಯಿತು. ಎಲ್ಲರೂ ಲಿವರ್ ಆಗಲೇ ಗಡಸಾಗಿದ್ದವರು. ಹುಸಿ ಗುಳಿಗೆ ತಿಂದವರಲ್ಲಿ ಶೇ 17.7ರಷ್ಟು ಜನರ ಕಾಯಿಲೆ ಮುಂದುವರಿದರೆ, ಲ್ಯಾಮಿವುಡಿನ್ ತಿಂದವರಲ್ಲಿ ಶೇ 7.8 ಮಾತ್ರ. ವ್ಯತ್ಯಾಸ ಅಷ್ಟು ಎದ್ದು ಕಂಡಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನೆಲನೆಲ್ಲಿ ಸೋತದ್ದೂ ಇಂಥದೇ ಪರೀಕ್ಷೆಯಲ್ಲಿ, ಗುಳಿಗೆ ಗೆದ್ದದ್ದೂ ಇಂಥದೇ ಪರೀಕ್ಷೆಯಲ್ಲಿ.

ಲ್ಯಾಮಿವುಡಿನ್‌ಗೆ ಒಂದು ದೊಡ್ಡ ಕುಂದಿತ್ತು. ನಾಲ್ಕೈದು ವರ್ಷಗಳಲ್ಲಿ ಸುಮಾರು ಶೇ 70ರಷ್ಟು ರೋಗಿಗಳಲ್ಲಿ ವೈರಸ್ ರೂಪ ಬದಲಿಸಿ ಅದಕ್ಕೆ ಜಗ್ಗದಂತಾಗುತ್ತಿತ್ತು. ಆಮೇಲೆ ಎಂಟೆಕಾವಿರ್ 2005ರಲ್ಲಿ, ಟೆನೊಫೊವಿರ್ 2008ರಲ್ಲಿ ಹೆಪಟೈಟಿಸ್ ಬಿ ಗೆ ಒಪ್ಪಿಗೆ ಪಡೆದವು. ಟೆನೊಫೊವಿರ್ ಮೂಲವನ್ನು ರೂಪಿಸಿದವರು ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಆಂಟೊನಿನ್ ಹೋಲಿ. ಈ ಎರಡಕ್ಕೆ ವೈರಸ್ ಒಗ್ಗಿಕೊಳ್ಳುವುದು ಬಹಳ ಅಪರೂಪ. ದಿನಕ್ಕೆ ಒಂದೇ ಗುಳಿಗೆ. ಎಂಟೆಕಾವಿರ್ ಆದರೆ ಖಾಲಿ ಹೊಟ್ಟೆಯಲ್ಲಿ.

ಇವು ಕೆಲಸ ಮಾಡುವ ಬಗೆ ಗೊತ್ತಾದರೆ ಏಕೆ ಬಿಡಬಾರದು ಎಂಬುದೂ ಗೊತ್ತಾಗುತ್ತದೆ. ವೈರಸ್ ನಮ್ಮ ಲಿವರಿನ ಜೀವಕೋಶದ ನಡುಗೂಡಿಗೆ ಹೊಕ್ಕು ಅಲ್ಲಿ ತನ್ನ ಬರಹವನ್ನು ಒಂದು ಉಂಗುರದಂತೆ ಬಚ್ಚಿಡುತ್ತದೆ. ಅಲ್ಲಿಂದ ನಕಲುಗಳನ್ನು ಹೊರಡಿಸುತ್ತದೆ. ಗುಳಿಗೆ ಆ ನಕಲಿನ ಕೆಲಸಕ್ಕೆ ಅಡ್ಡ ಬರುತ್ತದೆ, ನಡುಗೂಡಿನ ಉಂಗುರವನ್ನು ಮುಟ್ಟಲಾರದು. ಕರಿಮಣ್ಣಿನ ಹೊಲದ ಕರಿಕೆಯನ್ನು ನೆನೆಸಿಕೊಳ್ಳಿ. ಎಡೆಕುಂಟೆ ಹೊಡೆಯುತ್ತಿರುವಷ್ಟು ದಿನ ಹೊಲ ಸ್ವಚ್ಛ, ಬೆಳೆಯೂ ಚೆನ್ನ. ಬೇರು ಮಾತ್ರ ಒಳಗೇ ಇದೆ. ಕುಂಟೆ ಬಿಟ್ಟರೆ ಮತ್ತೆ ಹಬ್ಬುತ್ತದೆ. ಗುಳಿಗೆಯನ್ನು ಡಾಕ್ಟರಿಗೆ ಹೇಳದೆ ಬಿಟ್ಟಾಗ ವೈರಸ್ ಒಮ್ಮೆಲೇ ಎದ್ದು, ಮೈ ಅದರ ಮೇಲೆ ಮುಗಿಬಿದ್ದು, ಆ ಜಗಳದಲ್ಲಿ ಲಿವರ್ ಕೈಕೊಡಬಹುದು. ಆಗಲೇ ಸಿರೋಸಿಸ್ ಇದ್ದವರು ಇದರಿಂದ ಸತ್ತೂ ಹೋಗಬಹುದು. ಗುಳಿಗೆ ಬಿಟ್ಟು ನೆಲನೆಲ್ಲಿ ಹಿಡಿದ ಮೊದಲ ಕೆಲವು ವಾರ ಏನೂ ಆಗದೆ ಆರಾಮವೇ ಇರಬಹುದು. ಮೋಸ ಇರುವುದೇ ಅಲ್ಲಿ.

ಬಿಡದೆ ತಿಂದವರಿಗೆ ಆಗುವ ಲಾಭವೂ ಸಣ್ಣದಲ್ಲ. ಐದು ವರ್ಷ ಟೆನೊಫೊವಿರ್ ತಿಂದು, ಲಿವರಿನ ಚೂರು ತೆಗೆಸಿ ಪರೀಕ್ಷಿಸಿಕೊಂಡ 348 ಜನರ ಅಧ್ಯಯನವೊಂದು 2013ರಲ್ಲಿ ಬಂತು. ಮೊದಲು ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರ ಲಿವರಿನಲ್ಲಿ ಐದನೇ ವರ್ಷ ಸಿರೋಸಿಸ್ ಇರಲಿಲ್ಲ. ಗಡಸಾದ ಲಿವರ್ ಮತ್ತೆ ಮೆತ್ತಗಾಗುತ್ತದೆ ಎಂದು ಹಿಂದಿನ ತಲೆಮಾರಿನ ವೈದ್ಯರು ಎಣಿಸಿರಲಿಲ್ಲ.

ಪಾಸಿಟಿವ್ ಬಂದವರೆಲ್ಲ ಗುಳಿಗೆ ತಿನ್ನಬೇಕೆಂದೇನಿಲ್ಲ. ವೈರಸ್ ಎಷ್ಟಿದೆ ಎಂಬ ಡಿಎನ್‌ಎ ಪರೀಕ್ಷೆ, ಎಸ್‌ಜಿಪಿಟಿ, ಹೊಟ್ಟೆಯ ಸ್ಕ್ಯಾನಿಂಗ್ ನೋಡಿ ಡಾಕ್ಟರು ನಿರ್ಧರಿಸುತ್ತಾರೆ. ಗುಳಿಗೆ ಬೇಡ ಎಂದರೂ ಕಾಲಕಾಲಕ್ಕೆ ಪರೀಕ್ಷೆ ತಪ್ಪಿಸುವಂತಿಲ್ಲ. ಟೆನೊಫೊವಿರ್ ಕೆಲವರ ಮೂತ್ರಪಿಂಡ ಮತ್ತು ಎಲುಬಿಗೆ ತೊಂದರೆ ಕೊಡಬಹುದು. ಅದಕ್ಕೇ ನಡುನಡುವೆ ರಕ್ತ ಪರೀಕ್ಷಿಸುವುದು. ತೊಂದರೆ ಕಂಡರೆ ಬೇರೆ ಗುಳಿಗೆ ಇದೆ. ಗರ್ಭಿಣಿಯ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ ಹೆರಿಗೆಗೆ ಮುಂಚಿನ ತಿಂಗಳುಗಳಲ್ಲಿ ಅವರಿಗೂ ಟೆನೊಫೊವಿರ್ ಕೊಡುತ್ತಾರೆ, ಕೂಸನ್ನು ಕಾಪಾಡಲು. ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಲೇಬೇಕು. ಉಳಿದ ಡೋಸುಗಳನ್ನು 6, 10, 14ನೇ ವಾರ ಐದು ರೋಗಗಳ ಲಸಿಕೆಯ ಜೊತೆ ಹಾಕುತ್ತಾರೆ.

ಊಟದ ತಟ್ಟೆ ಬೇರೆ ಇಡಬೇಕೇ?

ಬೇಡ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ಕೆಮ್ಮಿದರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ಜಾತ್ರೆಯಲ್ಲಿ ಹಚ್ಚೆ ಹಾಕುವವರ ಸೂಜಿ, ಬದಲಿಸದ ಕ್ಷೌರದ ಬ್ಲೇಡು, ಹಂಚಿಕೊಂಡ ಟೂತ್‌ಬ್ರಶ್, ಇವು ಕೂಡದು. ತಮ್ಮ ಪರೀಕ್ಷೆ ಬಂದ ಮೇಲೆ ಪಾಸಿಟಿವ್ ಆದವರನ್ನು ಸಮಾಜ ದೂರ ಇಡಬಹುದು, ಕೆಲಸದಿಂದ ತೆಗೆಯಬಹುದು ಎಂಬ ಚಿಂತೆ ಬ್ಲಂಬರ್ಗ್ ಅವರಿಗೆ 1970ರ ದಶಕದಲ್ಲೇ ಇತ್ತು, ಅದರ ಬಗ್ಗೆ ಬರೆದೂ ಇದ್ದರು. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂತೆಂದು ಮದುವೆ ಮುರಿಯುವ ಮೊದಲು ಇಷ್ಟು ತಿಳಿದಿರಲಿ: ಸಂಗಾತಿ ಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಂಡು, ಮೈಯಲ್ಲಿ ರಕ್ಷಣೆ ಬಂದಿದೆಯೇ ಎಂದು ಆಮೇಲೆ ಒಮ್ಮೆ ರಕ್ತ ನೋಡಿಸಿಕೊಂಡರೆ ಸಾಕು. ಮನೆಯ ಉಳಿದವರೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬೇಕು.

ಕೊನೆಯ ವರ್ಷಗಳು

ಬ್ಲಂಬರ್ಗ್ 1989ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾದರು, ಆ ಹುದ್ದೆಗೆ ಬಂದ ಮೊದಲ ಅಮೆರಿಕನ್. 1991ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸೋಂಕಿತರಿಗಾಗಿ ಹೆಪಟೈಟಿಸ್ ಬಿ ಫೌಂಡೇಶನ್ ಶುರುವಾದಾಗ ಅದಕ್ಕೆ ಕೈಜೋಡಿಸಿದರು. 1999ರಲ್ಲಿ ನಾಸಾದ ಖಗೋಳಜೀವವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಭೂಮಿಯಾಚೆ ಜೀವವಿದೆಯೇ ಎಂದು ಹುಡುಕುವ ಸಂಸ್ಥೆ ಅದು. ಸೋಂಕಿತರ ಕೈಗೆ ಗುಳಿಗೆ ಬಂದದ್ದನ್ನು ಅವರು ಕಣ್ಣಾರೆ ಕಂಡರು. ನಡುಗೂಡಿನ ಉಂಗುರವನ್ನು ಕಿತ್ತೊಗೆಯುವ ಔಷಧ ಮಾತ್ರ ಅವರ ಕಾಲಕ್ಕೆ ಬರಲಿಲ್ಲ, ಅವರ ಹೆಸರಿನ ಸಂಶೋಧನಾ ಸಂಸ್ಥೆ ಈಗ ಅದರ ಬೆನ್ನು ಹತ್ತಿದೆ. 2011ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. 85 ವರ್ಷವಾಗಿತ್ತು.

ಅವರು ಹುಟ್ಟಿದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ವಿಶ್ವ ಆರೋಗ್ಯ ಸಂಸ್ಥೆ ಆಚರಿಸುತ್ತದೆ. 2018ರಲ್ಲಿ ಅದೇ ದಿನ ನಮ್ಮ ದೇಶದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಈ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಪರೀಕ್ಷೆ ಮತ್ತು ಟೆನೊಫೊವಿರ್, ಎಂಟೆಕಾವಿರ್ ಗುಳಿಗೆಗಳು ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಬಹುದು. ಹೋಗುವಾಗ ಹಳೆಯ ರಿಪೋರ್ಟುಗಳನ್ನೂ, ತಿನ್ನುತ್ತಿರುವ ಗುಳಿಗೆಯ ಹಾಳೆಯನ್ನೂ ಒಯ್ಯಿರಿ. ನೆಲನೆಲ್ಲಿಯನ್ನೋ ಬೇರೆ ಯಾವುದಾದರೂ ನಾಟಿ ಮದ್ದನ್ನೋ ಕುಡಿದಿದ್ದರೆ ನಾಚದೆ ಅದನ್ನೂ ಹೇಳಿ. ಕೆಲವು ಮದ್ದಿನ ಪುಡಿಗಳಲ್ಲಿ ಲಿವರಿಗೆ ಕೆಟ್ಟದ್ದು ಮಾಡುವ ವಸ್ತುಗಳೂ ಇರುತ್ತವೆ, ಡಾಕ್ಟರು ರಿಪೋರ್ಟನ್ನು ಸರಿಯಾಗಿ ಓದಲು ಅದು ಗೊತ್ತಿರಬೇಕು. ಗುಳಿಗೆ ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನೂ.